ಉಪ್ಪಿಲ್ಲದ ನೀರು

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಲು ನನಗೆ ನೆನಪಿನ ಬಲ ಬೇಕಿಲ್ಲ. ಡ್ರಿಪ್ ಬಾಟಲಿಗೆ ಬಿಳಿ ಪಟ್ಟಿ ಅಂಟಿಸಿ ಅದರ ಮೇಲೆ ಆ ಹೊತ್ತನ್ನು ಬರೆದವಳು ನಾನೇ.

ಖಟಕ ಚಿಂಚೋಳಿಯ ಹೊರಗೆ, ರಸ್ತೆಗೆ ಹತ್ತಿದ ಶಾಲೆಯ ವರಾಂಡದಲ್ಲಿ ನಮ್ಮ ಆರೋಗ್ಯ ಶಿಬಿರವಿತ್ತು. ಸೀಗಿ ಹುಣ್ಣಿಮೆಗೆ ನಾಲ್ಕು ದಿನ ಉಳಿದಿದ್ದವು. ಔರಾದ, ಕಮಲನಗರ, ಭಾಲ್ಕಿ ಕಡೆಯಿಂದ ತುಳಜಾಪುರದ ದೇವಿಯ ದರ್ಶನಕ್ಕೆ ನಡೆದು ಹೊರಟ ಜನ ಬೆಳಗಿನಿಂದ ಬರುತ್ತಲೇ ಇದ್ದರು. ಅವರಲ್ಲಿ ಒಬ್ಬಳು ಅನಸೂಯಾ, ಇಪ್ಪತ್ತೆಂಟರ ಒಳಗಿನ ಹೆಣ್ಣುಮಗಳು. ಕಂಬಕ್ಕೆ ಒರಗಿ ಕುಳಿತು, ನಮ್ಮ ಕಡೆ ನರ್ಸಮ್ಮನನ್ನು ಕರೆಯುವ ರೀತಿಯಲ್ಲಿ, "ತಲಿ ಸಿಡ್ಯಾಕತ್ತದ್ರಿ, ಬಾಯಿ" ಅಂದಳು. ಅಂದವಳೇ ವಾಂತಿ ಮಾಡಿದಳು. ನಾನು ಆಕೆಯ ಎಡಗೈ ಹಿಡಿದು ಸೂಜಿ ಚುಚ್ಚಲು ರಕ್ತನಾಳ ಹುಡುಕಿದೆ. ಹಸಿರು ಬಳೆಗಳು ಮುಂಗೈಗೆ ಕಚ್ಚಿಕೊಂಡಿದ್ದವು. ಮೇಲಕ್ಕೆ ಸರಿಸಲು ನೋಡಿದೆ, ಸರಿಯಲಿಲ್ಲ. ಬಳೆಗಳ ನಡುವೆ ಚರ್ಮ ಉಬ್ಬಿತ್ತು.

ಅದನ್ನು ನಾನು ನೋಡಿದೆ. ನೋಡಿಯೂ ಬಾಟಲಿ ಹಚ್ಚಿದೆ.

ನರ್ಸಿಂಗ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರುತ್ತಿರುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಊರಿಗೆ ವರ್ಗವಾಯಿತು ಎನ್ನುವುದು ನಿಮಗೆ ಉಪಯೋಗವಿಲ್ಲ. ಆ ಬಳೆಗಳು ಉಪಯೋಗಕ್ಕೆ ಬರುತ್ತವೆ.

ನಾನು ಹುಟ್ಟಿದ್ದು ಬೀದರಿನ ಮೆಥಡಿಸ್ಟ್ ಮನೆತನದಲ್ಲಿ. ಅವ್ವ ಮಿಷನ್ ಕಾಲದ ದಾದಿ, ಚಿಕ್ಕಮ್ಮ ಶಾಲೆಯ ಮಾಸ್ತರಿಣಿ. ನಾನು ಕಾಲೇಜಿಗೆ ಹೋಗಿ ಬಿ.ಎಸ್ಸಿ. ನರ್ಸಿಂಗ್ ಓದಿದೆ. ಆಸ್ಪತ್ರೆಯ ಕೆಲಸವನ್ನು ಕಾಲೇಜು ಕಲಿಸಿತು. ಯಾತ್ರೆಯ ಡ್ಯೂಟಿಯನ್ನು ಯಾರೂ ಕಲಿಸಲಿಲ್ಲ. ಆಸ್ಪತ್ರೆಗೆ ಬರುವವರು ತಮಗೆ ಏನೋ ಆಗಿದೆ ಎಂದು ಬರುತ್ತಾರೆ. ಯಾತ್ರೆಯಲ್ಲಿರುವವರು ತಮಗೆ ಏನೂ ಆಗಬಾರದು ಎಂದು ಹೊರಟಿರುತ್ತಾರೆ. ಜ್ವರ ಇದ್ದರೂ ಇಲ್ಲ ಎನ್ನುತ್ತಾರೆ. ಎದೆ ನೋವನ್ನು ದರ್ಶನ ಮುಗಿಯುವ ತನಕ ಮುಚ್ಚಿಡುತ್ತಾರೆ.

ಮೊದಲ ವರ್ಷಗಳಲ್ಲಿ ನನ್ನನ್ನು ಒಂದು ಗುಹೆಯ ಬಾಗಿಲಲ್ಲಿ ಕೂಡಿಸಿದ್ದರು. ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ಒಳಗೆ ಹೋಗಿ ಬರುವ ಜಾಗ. ಹೊರಗೆ ಬಂದ ಒಬ್ಬ ಮುದುಕಪ್ಪ ಉಸಿರು ಹತ್ತಿ ಕುಳಿತ. ನಾನು ಓಡಿ ಹೋಗಿ ಆತನ ನಾಡಿ ಹಿಡಿದೆ. ಪಕ್ಕದ ಕಾಯಿ ಮಾರುವ ಹೆಣ್ಣುಮಗಳು ನನ್ನ ಭುಜ ತಿವಿದು, "ಇಂವ ಕೂತಾನ ಬಿಡ್ರಿ ಬಾಯಿ, ಇಂವನ ಹೇಂತಿ ಎಲ್ಲಿ ಅದಾಳ ಕೇಳ್ರಿ" ಅಂದಳು. ಹೆಂಡತಿ ಇನ್ನೂ ಒಳಗೆ, ಗೋಡೆ ಹಿಡಿದು ನಿಂತಿದ್ದಳು. ಅಂದಿನಿಂದ ನಾನು ಯಾತ್ರೆಯಲ್ಲಿ ಯಾರೇ ಬಿದ್ದರೂ ಮೊದಲು ಕೇಳುವ ಪ್ರಶ್ನೆ: ಜೊತೆಗೆ ಯಾರು ಬಂದಿದ್ದೀರಿ? ಇದನ್ನು ನನಗೆ ಕಲಿಸಿದ್ದು ಒಬ್ಬ ಕಾಯಿ ಮಾರುವವಳು.

ಕಾಲಿನ ಗುಳ್ಳೆಗಳದ್ದು ಇನ್ನೊಂದು ಪಾಠ. ಮೊದಲು ನಾವು ಗುಳ್ಳೆ ಒಡೆದು, ನೇರಳೆ ಔಷಧಿ ಹಚ್ಚಿ, ಬಟ್ಟೆ ಕಟ್ಟಿ ಕಳಿಸುತ್ತಿದ್ದೆವು. ಜನ ಖುಷಿಯಾಗಿ ಹೋಗುತ್ತಿದ್ದರು. ಎರಡು ದಿನ ಬಿಟ್ಟು ಅದೇ ಕಾಲು ಕೀವು ತುಂಬಿ ಮುಂದಿನ ಶಿಬಿರಕ್ಕೆ ಬರುತ್ತಿತ್ತು. ಒಡೆಯದೆ ಹಾಗೇ ಬಿಟ್ಟರೆ, "ಏನೂ ಮಾಡ್ಲಿಲ್ಲ ಬಾಯಿ, ನೋಡಿ ಕಳಸಿದ್ಳು" ಎಂದು ಬೈಸಿಕೊಳ್ಳುತ್ತಿದ್ದೆವು. ಬೈಸಿಕೊಳ್ಳುವುದನ್ನು ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು. ಅನಸೂಯಾಳ ವಿಷಯದಲ್ಲಿ ನೋಡಿದರೆ, ಪೂರಾ ಕಲಿತಿರಲೇ ಇಲ್ಲ.

ನಮ್ಮ ಕಡೆಯ ಒಂದು ವ್ರತದ ಬಗ್ಗೆ ಈಗ ಹೇಳಬೇಕು. ನವರಾತ್ರಿಯ ಮೊದಲ ದಿನ ಮನೆಯಲ್ಲಿ ಘಟ ಕೂಡಿಸುತ್ತಾರೆ. ಮಣ್ಣಿನಲ್ಲಿ ಕಾಳು ಬಿತ್ತಿ ಅದರ ಮೇಲೆ ಕಲಶ ಇಟ್ಟು ದಿನಾ ನೀರು ಹಾಕುತ್ತಾರೆ. ಅಂದಿನಿಂದ ದೇವಿಯ ದರ್ಶನ ಆಗುವ ತನಕ ಕೆಲವರು ಉಪ್ಪು ಮುಟ್ಟುವುದಿಲ್ಲ. ಅದಕ್ಕೆ ಸಪ್ಪನ ಉಪವಾಸ ಎನ್ನುತ್ತಾರೆ. ಗೆಣಸು, ಬಾಳೆಹಣ್ಣು, ಹಾಲು, ಉಪ್ಪಿಲ್ಲದ ಸಾಬೂದಾನಿ, ಅಷ್ಟೇ. ಅಷ್ಟರ ಮೇಲೆ ಬಿಸಿಲಲ್ಲಿ ದಿನಕ್ಕೆ ಮೂವತ್ತು ಕಿಲೋಮೀಟರು ನಡೆಯುತ್ತಾರೆ.

ಆ ದಿನಕ್ಕಿಂತ ಎರಡು ವರ್ಷ ಹಿಂದೆ, ಇದೇ ದಾರಿಯ ಶಿಬಿರದಲ್ಲಿ, ಒಬ್ಬ ವಯಸ್ಸಾದ ರೈತನಿಗೆ ನಾನು ಓ.ಆರ್.ಎಸ್. ಕೊಟ್ಟಿದ್ದೆ. ಉಪ್ಪು, ಸಕ್ಕರೆ ಎರಡೂ ಇರುವ ಪುಡಿಯ ನೀರು. ಆತ ಒಂದು ಗುಟುಕು ಬಾಯಿಗೆ ಹಾಕಿ ಉಗುಳಿದ. ಬೈಯಲಿಲ್ಲ. ನೆಲಕ್ಕೆ ಕುಳಿತು ಅಳತೊಡಗಿದ.

"ಹನ್ನೊಂದು ದಿನದ್ದು ಒಂದು ಗುಟಕಿಗೆ ಹೋಯ್ತಲ್ಲವ್ವ" ಅಂದ.

ಬೈಯುವ ಕೆಲಸ ಉಳಿದವರು ಮಾಡಿದರು. ಗುಂಪಿನಲ್ಲಿ ಒಬ್ಬ, "ಈಕಿ ಚರ್ಚಿನಾಕಿ ಅದಾಳ. ಬೇಕಂತನೇ ಕುಡಿಸ್ಯಾಳ" ಎಂದು ಕೂಗಿದ. ಆ ಜನರ ಹೆರಿಗೆ ಮಾಡಿಸಿದವಳು ನಾನು, ಅವರ ಮಕ್ಕಳಿಗೆ ಲಸಿಕೆ ಹಾಕಿದವಳು ನಾನು. ಆ ಒಂದು ಮಾತಿಗೆ ಅದೆಲ್ಲ ಉಪಯೋಗಕ್ಕೆ ಬರಲಿಲ್ಲ. ಸಂಜೆ ನನ್ನ ಮೇಲಧಿಕಾರಿ ಕರೆದರು. ಒಳ್ಳೆಯ ಮನುಷ್ಯ, ಗಲಾಟೆ ಎಂದರೆ ಮಾತ್ರ ಹೆದರುವವರು.

"ಬಾಯಿ, ನಿಮಗ ಗೊತ್ತದ, ಸುದ್ದಿ ಎಲ್ಲಿಂದ ಎಲ್ಲಿಗೆ ಹೋಗ್ತದ ಅಂತ. ಇನ್ನ ಮ್ಯಾಲ ಸಪ್ಪನ ಉಪವಾಸದವರಿಗೆ ಗ್ಲೂಕೋಸ್ ಪುಡಿ ನೀರು ಕೊಡ್ರಿ. ಅದರಾಗ ಉಪ್ಪಿಲ್ಲ. ಅವರೂ ಖುಷಿ, ನಾವೂ ಬಚಾವ್."

ಬೆವರಿನಲ್ಲಿ ಹೋಗುವುದು ಉಪ್ಪು ಎಂದು ನನಗೆ ಗೊತ್ತಿತ್ತು. ಉಪ್ಪು ಹೋದ ಮೈಗೆ ಬರೀ ನೀರು ತುಂಬಿದರೆ ಏನಾಗುತ್ತದೆ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೂ ಅವರ ಮಾತು ಕೇಳಿ ನನಗೆ ಹಗುರವಾಯಿತು. ಮರುವರ್ಷ ನಾನೇ ಎರಡು ಪಾತ್ರೆ ಮಾಡಿದೆ. ಸ್ಟೀಲಿನದರಲ್ಲಿ ಓ.ಆರ್.ಎಸ್., ನೀಲಿ ಬಕೆಟಿನಲ್ಲಿ ಗ್ಲೂಕೋಸ್. ಬಂದವರನ್ನು "ಸಪ್ಪನ ಉಪವಾಸೇನ್ರಿ?" ಎಂದು ಕೇಳುವುದು, ಹೌದು ಅಂದವರಿಗೆ ನೀಲಿ ಬಕೆಟು. ಆ ವರ್ಷ ಗಲಾಟೆಯಾಗಲಿಲ್ಲ. ನಮ್ಮ ಪದ್ಧತಿಯನ್ನು ಮೇಲಧಿಕಾರಿ ಸಭೆಯಲ್ಲಿ ಹೊಗಳಿದರು. ನಾನೂ ಹಿಗ್ಗಿದೆ.

ಮುಂದಿನ ವರ್ಷ ಅನಸೂಯಾ ಬಂದಳು.

ಶಿಬಿರಕ್ಕೆ ಆಕೆ ಬಂದದ್ದು ಹನ್ನೊಂದರ ಸುಮಾರಿಗೆ, ಅತ್ತೆ ಕಾಶೀಬಾಯಿಯ ಹಿಂದೆ. ಕಾಶೀಬಾಯಿ ಗಟ್ಟಿ ಹೆಂಗಸು. ತಾನು ಉಪ್ಪು ಬಿಟ್ಟಿರಲಿಲ್ಲ, ಸೊಸೆಯಿಂದ ಬಿಡಿಸಿದ್ದಳು. ಸೊಸೆಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ, ಅದಕ್ಕೆ ಹರಕೆ.

"ಸಪ್ಪನ ಉಪವಾಸೇನವ್ವ?" ಎಂದು ಕೇಳಿದೆ.

"ಹೌದ್ರಿ" ಅಂದಳು ಅನಸೂಯಾ.

ನೀಲಿ ಬಕೆಟಿನಿಂದ ಒಂದು ತಂಬಿಗೆ ಕೊಟ್ಟೆ. ಕುಡಿದಳು. ಎರಡನೆಯದನ್ನೂ ಕುಡಿದಳು. ಮೂರನೆಯದು ಬೇಡ ಅಂದಳು.

"ದಾರಿತುಂಬ ನೀರೇ ಕುಡ್ಕೋತ ಬಂದೀನ್ರಿ. ಹೊಟ್ಟಿ ಡಬ್ಬ ಆಗ್ಯಾದ."

"ಬಿಸಲಾಗ ಬಂದೀದಿ ಮಗಳ, ಕುಡಿ" ಎಂದು ನಾನೇ ಒತ್ತಾಯ ಮಾಡಿ ಕುಡಿಸಿದೆ.

ಈ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಆಕೆಯ ಮೈ ಬೇಡ ಎನ್ನುತ್ತಿತ್ತು. ಓದಿದವಳು ನಾನು, ಕುಡಿ ಎನ್ನುತ್ತಿದ್ದೆ.

ಅರ್ಧ ಗಂಟೆಯಲ್ಲಿ ತಲೆನೋವು, ವಾಂತಿ. ಉಪವಾಸದವಳು, ನಡೆದು ದಣಿದವಳು. ಸಕ್ಕರೆ ಕಡಿಮೆಯಾಗಿದೆ ಎಂದು ನಾನು ತೀರ್ಮಾನಿಸಿದೆ. ಬೆರಳಿಗೆ ಚುಚ್ಚಿ ನೋಡಬಹುದಿತ್ತು. ಆದರೆ ಶಿಬಿರದಲ್ಲಿ ಪುಕ್ಕಟೆ ಶುಗರ್ ನೋಡುತ್ತಾರೆ ಎಂದು ಗೊತ್ತಾಗಿ ಬೆಳಗಿನಿಂದ ಊರಿನವರೇ ಸಾಲು ಹಚ್ಚಿದ್ದರು. ಹೋಟೆಲಿನವನು, ಟ್ರ್ಯಾಕ್ಟರಿನವನು, ಶಾಲೆಯ ಅಡುಗೆಯವಳು, ಎಲ್ಲರಿಗೂ ನೋಡಿದ್ದೆವು. ಪರೀಕ್ಷೆಯ ಪಟ್ಟಿಗಳು ಹತ್ತೂವರೆಗೇ ಮುಗಿದಿದ್ದವು. ವೈದ್ಯರು ಮುಂದಿನ ಶಿಬಿರಕ್ಕೆ ಹೋಗಿದ್ದರು. ನಾನು ಡೆಕ್ಸ್‌ಟ್ರೋಸ್ ಬಾಟಲಿ ಹಚ್ಚಿದೆ. ಜನ ಯಾವ ಬಾಟಲಿಗೂ ಸಲೈನ್ ಎನ್ನುತ್ತಾರೆ. ಇದು ಸಕ್ಕರೆಯ ನೀರು, ಇದರಲ್ಲಿ ಒಂದು ಹರಳು ಉಪ್ಪೂ ಇರುವುದಿಲ್ಲ.

ಬಳೆ ಸರಿಯದೆ ಇದ್ದಾಗ ಕಾಶೀಬಾಯಿ ಹೇಳಿದ್ದಳು, "ಹೊಸಾ ಬಳಿ ಅವ. ಘಟ ಕೂಡಸೋ ದಿನ ಇಡಿಸೀನಿ. ಸಡಲ ಇದ್ವು, ಬೀಳ್ತಾವ ಅಂತಿದ್ಳು."

ನೀರು ಒಣಗಿದ ಮೈ ಉಬ್ಬುವುದಿಲ್ಲ. ಸಡಿಲ ಇದ್ದ ಬಳೆ ಬಿಗಿಯಾಗಿದೆ ಎಂದರೆ ಮೈಯಲ್ಲಿ ನೀರು ಹೆಚ್ಚಾಗಿದೆ ಎಂದರ್ಥ. ಒಂದು ಕ್ಷಣ ಯೋಚಿಸಿದ್ದರೆ ಹೊಳೆಯುತ್ತಿತ್ತು. ಸಾಲಿನಲ್ಲಿ ಇನ್ನೂ ಮೂವತ್ತು ಜನ ನಿಂತಿದ್ದರು. ಅವಳ ಕೈಬಿಟ್ಟು ಮುಂದಿನವನ ಕಾಲು ನೋಡಲು ಹೋದೆ.

ಹನ್ನೆರಡೂ ಐದಕ್ಕೆ ಆಕೆ ಅತ್ತೆಯನ್ನು "ಅವ್ವಾ" ಎಂದು ಕರೆದಳು. ಕಾಶೀಬಾಯಿ ನಕ್ಕು, "ಈಗ ನೆನಪಾತೇನ ನಾ ಅವ್ವ ಅಂತ" ಅಂದಳು. ಆದರೆ ಅನಸೂಯಾ ಆಕೆಯನ್ನು ನೋಡುತ್ತಿರಲಿಲ್ಲ, ಕಂಬವನ್ನು ನೋಡುತ್ತಿದ್ದಳು. ಆಮೇಲೆ ಕಣ್ಣು ಮೇಲಾದವು. ಕೈಕಾಲು ಸೆಟೆದು ಇಡೀ ಮೈ ಬಡಿಯತೊಡಗಿತು. ಸೂಜಿ ಕಿತ್ತು ಬಂತು. ಬಾಟಲಿ ಮೊಳೆಯಿಂದ ತೂಗಾಡುತ್ತ ಉಳಿಯಿತು.

ನಾನು ಫಿಟ್ಸ್ ನೂರಾರು ನೋಡಿದ್ದೇನೆ. ಅಂದು ನನ್ನ ಕೈ ಏನು ಮಾಡಬೇಕೆಂದು ತಿಳಿಯದೆ ಆಕೆಯ ಹಲ್ಲಿನ ನಡುವೆ ಹೋಯಿತು. ಹಿಂದಿನಿಂದ ಯಾರೋ ನನ್ನ ಮುಂಗೈ ಹಿಡಿದು ಎಳೆದರು. ನಮ್ಮ ಆಂಬುಲೆನ್ಸ್ ಚಾಲಕ ಗಫೂರ್ ಭಾಯ್, ನನ್ನನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುವವರು.

"ಆಪಾ, ಬಾಯಾಗ ಕೈ ಹಾಕಬ್ಯಾಡ್ರಿ! ಮಗ್ಗಲಿಗೆ ಮಲಗಸ್ರಿ. ನೀವೇ ನಮಗ ಕಲಿಸಿದ್ದಲ್ಲೇನ್ರಿ?"

ಅವರೇ ಮಲಗಿಸಿದರು. ಕಾಶೀಬಾಯಿ ಫಿಟ್ಸ್ ನಿಲ್ಲಲೆಂದು ಸೊಂಟದ ಕಬ್ಬಿಣದ ಕೀಲಿ ತೆಗೆದು ಸೊಸೆಯ ಮುಷ್ಟಿಯಲ್ಲಿ ತುರುಕಲು ಒದ್ದಾಡುತ್ತಿದ್ದಳು. ಯಾರೋ "ಉದೋ ಉದೋ" ಎಂದು ದೇವಿಯನ್ನು ಕೂಗಿದರು, ವರಾಂಡದ ತುಂಬ ಜನ ಅದನ್ನೇ ಕೂಗಿದರು. ಆ ಕೂಗಿನ ನಡುವೆ ನಾವು ಸ್ಟ್ರೆಚರ್ ಎತ್ತಿದೆವು.

ಭಾಲ್ಕಿಯ ದಾರಿಯಲ್ಲಿ ಆಕೆಗೆ ಇನ್ನೊಮ್ಮೆ ಫಿಟ್ಸ್ ಬಂತು. ಎರಡರ ನಡುವೆ ಎಚ್ಚರ ಇರಲಿಲ್ಲ. ನಾನು ಆಮ್ಲಜನಕದ ಮುಖವಾಡ ಹಿಡಿದು ಕುಳಿತಿದ್ದೆ. ಎದುರಿಗೆ ಕಾಶೀಬಾಯಿ. ಮೊದಲು ಅಳುತ್ತಿದ್ದಳು, ಆಮೇಲೆ ಅಳು ನಿಲ್ಲಿಸಿ ಸೊಸೆಯ ಮುಖವನ್ನೇ ನೋಡತೊಡಗಿದಳು.

"ಉಪ್ಪು ತಿಂದಾಳ ಇಕಿ" ಅಂದಳು.

"ಏನಂದ್ರಿ?"

"ಕದ್ದು ತಿಂದಾಳ್ರಿ, ನರ್ಸಬಾಯಿ. ಇಲ್ಲಂದ್ರ ತಾಯಿ ಹಿಂಗ ಯಾಕ ಬಡೀತಾಳ? ನಾಕ ಊರಿನ ಮಂದಿ ಮುಂದ ಕೆಡವ್ಯಾಳ."

ನಾನು ಅಲ್ಲಿಯೇ ಹೇಳಬಹುದಿತ್ತು. ಇಲ್ಲಮ್ಮಾ, ಇಕಿ ಉಪ್ಪು ತಿನ್ನದೇ ಹಿಂಗಾಗ್ಯಾದ ಎಂದು. ಆ ಹೊತ್ತಿಗೆ ನನಗೆ ಅರ್ಥವಾಗಿತ್ತು. ಬಳೆ, ವಾಂತಿ, ಫಿಟ್ಸ್, ನೀಲಿ ಬಕೆಟು, ಎಲ್ಲ ಒಂದಕ್ಕೊಂದು ಕೂಡಿಕೊಂಡಿದ್ದವು. ಮುಖವಾಡ ಸರಿಪಡಿಸುವ ನೆಪದಲ್ಲಿ ತಲೆ ಬಗ್ಗಿಸಿದೆ.

ಭಾಲ್ಕಿಯಲ್ಲಿ ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಕೊಟ್ಟು, ತಡಮಾಡದೆ ಬೀದರಿಗೆ ಕಳಿಸಿದರು. ನಾನು ಕೊಟ್ಟ ಚೀಟಿಯಲ್ಲಿ "ಬಾಟಲಿ ಹಚ್ಚಲಾಗಿದೆ" ಎಂದು ಮಾತ್ರ ಇತ್ತು. ಯಾವ ಬಾಟಲಿ ಎಂದು ನಾನು ಬರೆದಿರಲಿಲ್ಲ. ಬೀದರಿನ ದಾರಿಯಲ್ಲಿ ಮೇಲಧಿಕಾರಿಯ ಫೋನ್ ಬಂತು.

"ಬಾಯಿ, ಘಾಬರಿ ಆಗಬ್ಯಾಡ್ರಿ. ಬಾಟ್ಲಿ ನಾ ತೆಗಿಸಿ ಇಟ್ಟೀನಿ. ಯಾರರೆ ಕೇಳಿದ್ರ ಉಪ್ಪಿನ ಸಲೈನ್ ಹಚ್ಚಿದ್ದೆ ಅಂತ ಹೇಳ್ರಿ. ನಿಮಗ ಇನ್ನ ಒಂದೂವರಿ ವರ್ಷ ಸರ್ವಿಸ್ ಅದ."

"ಹ್ಞೂಂ ಸರ್" ಅಂದೆ. ಇದನ್ನೂ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಹ್ಞೂಂ ಎಂದೇ ಅಂದೆ.

ಬೀದರಿನಲ್ಲಿ ತುರ್ತು ವಿಭಾಗದ ವೈದ್ಯೆ ನನ್ನ ಮಗಳ ವಯಸ್ಸಿನವಳು. ಅನಸೂಯಾಳ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು, ಚೀಟಿ ಓದಿದಳು.

"ಸಿಸ್ಟರ್, ಯಾವ ಬಾಟ್ಲಿ ಹಾಕಿದ್ರಿ?"

ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಈಗ ಹೇಳಲಾರೆ. ರಾತ್ರಿಗಳಲ್ಲಿ ನಾನು ಆ ಮೌನವನ್ನು ಎಷ್ಟೋ ಸಲ ಅಳೆದಿದ್ದೇನೆ, ಪ್ರತಿ ಸಲವೂ ಹಿಂದಿನದಕ್ಕಿಂತ ಉದ್ದವಾಗಿದೆ. ಆಕೆ ಸಿಟ್ಟಾಗಲಿಲ್ಲ. ತಲೆಯ ಸ್ಕ್ಯಾನ್‌ಗೆ ಕಳಿಸುವ ಕಾಗದ ಬರೆಯಲು ಪೆನ್ನು ತೆಗೆದಳು. ಅಲ್ಲಿಗೆ ಹೋಗಿ ಬರುವುದರಲ್ಲಿ ಇನ್ನೊಂದು ಗಂಟೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅಷ್ಟು ಹೊತ್ತು ಈ ಹುಡುಗಿಗೆ ಇರಲಿಕ್ಕಿಲ್ಲ ಎಂಬುದೂ ಗೊತ್ತಿತ್ತು.

"ಡೆಕ್ಸ್‌ಟ್ರೋಸ್, ಡಾಕ್ಟರ್. ಅದಕ್ಕಿಂತ ಮೊದಲು ಮೂರು ತಂಬಿಗಿ ಗ್ಲೂಕೋಸ್ ನೀರು. ಹನ್ನೊಂದು ದಿನದಿಂದ ಉಪ್ಪು ತಿಂದಿಲ್ಲ ಆಕಿ."

ಆಕೆ ತಲೆ ಎತ್ತಿದಳು. "ಸೋಡಿಯಂ ಕಳಸ್ರಿ, ಅರ್ಜೆಂಟ್" ಎಂದು ಒಳಗಿನವರಿಗೆ ಕೂಗಿದಳು. ನನಗೆ ಒಂದೂ ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ರಕ್ತದಲ್ಲಿ ಉಪ್ಪು ಅಪಾಯದ ಮಟ್ಟಕ್ಕಿಂತ ಎಷ್ಟೋ ಕೆಳಗೆ ಇಳಿದಿತ್ತು, ಮೆದುಳಿಗೆ ಬಾವು ಬಂದಿತ್ತು. ಗಟ್ಟಿ ಉಪ್ಪಿನ ದ್ರಾವಣವನ್ನು ಅಳೆದು ಅಳೆದು ಕೊಟ್ಟರು. ಫಿಟ್ಸ್ ನಿಲ್ಲುವಷ್ಟು ಮೊದಲು ಬೇಗ ಏರಿಸಬೇಕು, ಆಮೇಲೆ ನಿಧಾನ. ಒಂದೇ ಸಲ ಪೂರಾ ಏರಿಸಿದರೂ ಮೆದುಳಿಗೆ ಪೆಟ್ಟು. ಎರಡು ದಿನ ನಾನು ರಜೆ ಹಾಕಿ ಐ.ಸಿ.ಯು. ಹೊರಗಿನ ಬೆಂಚಿನ ಮೇಲೆ ಕುಳಿತೆ. ಕಾಶೀಬಾಯಿ ನನ್ನ ಪಕ್ಕದಲ್ಲೇ. ಆಕೆ ನನಗೆ ಬಾಳೆಹಣ್ಣು ಕೊಟ್ಟಳು, "ನಮ್ಮ ಸಲುವಾಗಿ ನೀವು ಎಷ್ಟ ತ್ರಾಸ ತಗೋತೀರಿ ಬಾಯಿ" ಅಂದಳು. ನಾನು ಆ ಹಣ್ಣನ್ನು ತಿಂದೆ.

ಮೂರನೆಯ ದಿನ ಬೆಳಿಗ್ಗೆ ಅನಸೂಯಾ ಕಣ್ಣು ಬಿಟ್ಟಳು. ಮೊದಲು ಕೇಳಿದ್ದು, "ಹುಣ್ಣಿಮಿ ಆಯ್ತೇನ್ರಿ?"

"ನಾಳೆ" ಅಂದೆ.

ಮೇಲೆ ನೋಡುತ್ತ ಮಲಗಿದಳು. ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಮಂಚದ ಕಾಲ್ದೆಸೆಯಲ್ಲಿ ನಿಂತ ಅತ್ತೆ ಮೆಲ್ಲಗೆ ಕೇಳಿದಳು, "ಖರೇ ಹೇಳ, ಏನ್ ತಿಂದಿದ್ದಿ?"

"ಏನೂ ತಿಂದಿಲ್ರಿ, ಅತ್ತಿ."

"ಸುಳ್ಳ ಹೇಳಬ್ಯಾಡ."

ನಾನು ಡ್ರಿಪ್ಪಿನ ಹನಿ ಹೆಚ್ಚುಕಡಿಮೆ ಮಾಡುವ ಗಾಲಿ ಸರಿಪಡಿಸಿದೆ. ಅದು ಸರಿಯಾಗಿಯೇ ಇತ್ತು.

ವಿಚಾರಣೆ ಎಂಬ ಹೆಸರಿನಲ್ಲಿ ಒಂದು ಕಾಗದ ಬಂತು. "ರೋಗಿಗೆ ದ್ರವ ನೀಡಿ, ಸಕಾಲದಲ್ಲಿ ಮೇಲಿನ ಆಸ್ಪತ್ರೆಗೆ ಸಾಗಿಸಲಾಯಿತು" ಎಂದು ಉತ್ತರ ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಂಥ ವಾಕ್ಯ ಬರೆಯುವುದು ನಮ್ಮ ಇಲಾಖೆಯಲ್ಲಿ ಎಲ್ಲರಿಗೂ ಬರುತ್ತದೆ. ನಿಮಗೂ ಬರುತ್ತದೆ, ಎಚ್ಚರ. ಫೈಲು ಮುಚ್ಚಿತು. ನನ್ನ ನಿದ್ದೆ ಮಾತ್ರ ಹೋಯಿತು. ಮಲಗಿದ ಒಂದು ಗಂಟೆಗೆ ಎಚ್ಚರವಾಗುತ್ತಿತ್ತು, ಕೈಗೆ ಬಿಗಿ ಬಳೆ ತಗಲಿದ ಹಾಗೆ. ಆಮೇಲೆ ಬೆಳಗಿನ ತನಕ ಮತ್ತೆ ಅದೇ ವರಾಂಡ, ಮತ್ತೆ ಅದೇ ತಂಬಿಗೆ.

ಮುಂದಿನ ನವರಾತ್ರಿಗೆ ಒಂದು ತಿಂಗಳು ಮೊದಲೇ ನಾನು ಗಫೂರ್ ಭಾಯ್ ಜೊತೆ ಔರಾದಿಗೆ ಹೋದೆ. ಪಾದಯಾತ್ರೆಯನ್ನು ಮುನ್ನಡೆಸುವವರು ಒಬ್ಬ ನಿವೃತ್ತ ಮಾಸ್ತರರು. ಜನ ಅವರಿಗೆ ಗುರುಗಳು ಎನ್ನುತ್ತಾರೆ. ಹೆದರುತ್ತಲೇ ಕೇಳಿದೆ: ಉಪ್ಪಿರುವ ಔಷಧಿ ನೀರು ಕುಡಿದರೆ ವ್ರತ ಕೆಡುತ್ತದೆಯೇ?

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಔಷಧಕ್ಕ ಏನ್ರಿ ವ್ರತ? ರುಚಿಗೆ ತಿನ್ನೋ ಉಪ್ಪು ಬಿಡಬೇಕು. ಜೀವಕ್ಕ ಬೇಕಾದ್ದು ಬಿಡ್ರಿ ಅಂತ ತಾಯಿ ಎಲ್ಲಿ ಹೇಳ್ಯಾಳ? ನಾ ಹೊರಡೋ ಮೊದಲ ಮಂದಿಗೆ ಹೇಳ್ತೀನಿ."

"ಮೊದಲೇ ಹೇಳಿದ್ರ ಛೊಲೋ ಇತ್ರಿ, ಗುರುಗಳೆ."

"ಕೇಳಿದ್ರ ಹೇಳ್ತಿದ್ದೆವು. ಇಷ್ಟು ವರ್ಷ ಆಯ್ತು, ನಿಮ್ಮವರು ಯಾರೂ ನಮಗ ಬಂದು ಕೇಳೇ ಇಲ್ಲಲ್ಲ!"

ವಾಪಸು ಬರುವಾಗ ಗಫೂರ್ ಭಾಯ್, "ಹತ್ತು ಮಿನಿಟಿನ ಮಾತಿತ್ತು, ಆಪಾ" ಅಂದರು. ಹೌದು. ಜನ ಏನಂದಾರು ಎಂದು ನಾನು ಮೂರು ವರ್ಷ ಹೆದರಿದೆ. ಒಮ್ಮೆಯೂ ಜನರನ್ನು ಕೇಳಲಿಲ್ಲ.

ಆ ವರ್ಷದಿಂದ ಶಿಬಿರದಲ್ಲಿ ಒಂದೇ ಪಾತ್ರೆ. ಯಾರೇ ತಲೆನೋವು ಎಂದು ಬಂದರೂ ಮೊದಲು ಬಳೆ, ಉಂಗುರ ಆಡಿಸಿ ನೋಡುವುದು. ಎಷ್ಟು ನೀರು ಕುಡಿದಿದ್ದೀರಿ ಎಂದು ಕೇಳುವುದು. ಬೇಡ ಎಂದವರಿಗೆ ಒತ್ತಾಯ ಮಾಡದಿರುವುದು. ಸಕ್ಕರೆ ಪರೀಕ್ಷೆಯ ಪಟ್ಟಿಗಳಲ್ಲಿ ಅರ್ಧ ಪೆಟ್ಟಿಗೆ ಯಾತ್ರಿಕರಿಗಾಗಿ ಬೇರೆ ಎತ್ತಿಡುವುದು. ಊರಿನವರು ಬೈಯುತ್ತಾರೆ, ಬೈಯಲಿ.

ಆ ಶಿಬಿರಕ್ಕೆ ಕಾಶೀಬಾಯಿ ಒಬ್ಬಳೇ ಬಂದಳು. ನನ್ನನ್ನು ಗುರುತಿಸಿ ಕೈ ಹಿಡಿದಳು.

"ಸೊಸಿ ಬರಲಿಲ್ಲೇನ್ರಿ?" ಎಂದು ಕೇಳಿದೆ.

"ಆಕಿಗೆ ಎಲ್ಲಿ ಯಾತ್ರಿ ತಗೀರಿ. ಮನ್ಯಾಗ ಬಿಟ್ಟು ಬಂದೀನಿ. ಈ ವರ್ಷ ಘಟಕ್ಕ ಕೈ ಹಚ್ಚಬ್ಯಾಡ ಅಂತ ಹೇಳೀನಿ. ಒಮ್ಮಿ ವ್ರತ ಕೆಡಿಸಿದ ಕೈ. ಮಂದಿನೂ ಆಡ್ಕೋತಾರ. ಅರಿಷಿಣ ಕುಂಕುಮಕ್ಕೂ ಯಾರೂ ಕರಿಯಂಗಿಲ್ಲ ಆಕಿಗೆ."

ಆಕೆಯ ತಂಬಿಗೆಗೆ ನಾನು ಉಪ್ಪಿನ ನೀರು ಹಾಕಿದೆ. ಹಿಂದೆ ಸಾಲು ಇತ್ತು. ನಿವೃತ್ತಿಗೆ ಆರು ತಿಂಗಳು ಉಳಿದಿದ್ದವು. ಪಿಂಚಣಿಯ ಕಾಗದ ಹೋಗಬೇಕಿತ್ತು. ನಾನು ಏನೂ ಹೇಳಲಿಲ್ಲ. ಅನಸೂಯಾ ಬದುಕಿದಳು ಎಂದು ಎಲ್ಲರೂ ನನಗೆ ಸಮಾಧಾನ ಹೇಳುತ್ತಿದ್ದರು. ಆಕೆ ಹೇಗೆ ಬದುಕಿದ್ದಾಳೆ ಎಂದು ಈಗ ನನಗೊಬ್ಬಳಿಗೆ ಗೊತ್ತಾಗಿತ್ತು.

ನಿವೃತ್ತಿಯಾದ ಹದಿನೇಳನೆಯ ದಿನ, ಒಂದು ಶನಿವಾರ, ಕಮಲನಗರಕ್ಕೆ ಬಸ್ ಹತ್ತಿದೆ. ಅಲ್ಲಿಂದ ಆಟೋದಲ್ಲಿ ಎರಡು ಮೈಲು ಅವರ ಊರು. ಕಾಶೀಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. "ಯಾ ಬಾಯಿ, ಯಾ" ಎಂದು ಮರಾಠಿಯಲ್ಲೇ ಕರೆದಳು. ಅನಸೂಯಾ ನೀರು ತಂದು ಕೊಟ್ಟು ಬಾಗಿಲಿಗೆ ಹೋಗಿ ನಿಂತಳು. ತೆಳ್ಳಗಾಗಿದ್ದಳು.

ನೀರು ಕೆಳಗಿಟ್ಟೆ.

"ಕಾಶೀಬಾಯಿ, ನಿಮ್ಮ ಸೊಸಿ ಉಪ್ಪು ತಿಂದಿರಲಿಲ್ಲ. ಆಕಿ ವ್ರತ ಕೆಡಿಸಿಲ್ಲ. ಆಕಿ ರಗತದಾಗ ಉಪ್ಪು ಪೂರಾ ಇಳದಿತ್ತು, ಅದಕ್ಕ ಬಿದ್ದಳು. ಡಾಕ್ಟರು ಪರೀಕ್ಷಾ ಮಾಡಿ ನೋಡ್ಯಾರ. ಉಪ್ಪಿನ ನೀರು ಕೊಡಬೇಕಾಗಿತ್ತು. ನಾ ಬರೀ ಸಕ್ರಿ ನೀರು ಕುಡಿಸಿದೆ, ಮ್ಯಾಲ ಅಂಥದೇ ಬಾಟ್ಲಿನೂ ಹಚ್ಚಿದೆ. ತಪ್ಪು ದೇವಿದೂ ಅಲ್ಲ, ಆಕಿದೂ ಅಲ್ಲ. ನಂದು."

ಕಾಶೀಬಾಯಿಯ ಕೈ ಮೊರದ ಮೇಲೆ ನಿಂತಿತು.

"ತಿಂದಿರಲಿಲ್ಲ?"

"ಒಂದು ಹರಳೂ ಇಲ್ಲ."

"ನಿಮ್ಮ ಯೇಸುವಿನ ಆಣಿ ಮಾಡಿ ಹೇಳ್ರಿ."

"ಮಾಡ್ತೀನಿ."

ಆಕೆ ಮೊರ ಬದಿಗಿಟ್ಟು ಎದ್ದಳು. ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಆಕೆ ಗೋಡೆಯ ಹತ್ತಿರ ಹೋಗಿ ಆಚೆ ಮನೆಗೆ ಕೂಗಿದಳು, "ಏ ಗಂಗೂ! ಹಿಂಗ ಬಾ. ನಿಮ್ಮ ಅತ್ತಿಗೂ ಕರಕೊಂಡ ಬಾ. ಬಾಯಿ ಏನ್ ಹೇಳ್ತಾರ ಕೇಳ್ರಿ!" ಆಮೇಲೆ ನನ್ನ ಕಡೆ ತಿರುಗಿ, "ನನ್ನ ಮುಂದ ಹೇಳಿದ್ರ ಏನ್ ಉಪಯೋಗ್ರಿ? ಆಡ್ಕೊಂಡವರ ಮುಂದ ಹೇಳ್ರಿ" ಅಂದಳು.

ಅಂದು ಆ ಅಂಗಳದಲ್ಲಿ ಅದೇ ಮಾತನ್ನು ನಾಲ್ಕು ಸಲ ಹೇಳಿದೆ. ಒಂದೊಂದು ಗುಂಪು ಬಂದಾಗಲೂ ಕಾಶೀಬಾಯಿ ಮೊದಲಿನಿಂದ ಹೇಳಿಸಿದಳು. ಒಬ್ಬ ಮುದುಕಿ, "ಹಂಗಾರ ಈಕಿಗೆ ಜೇಲಿಗೆ ಹಾಕಲಿಲ್ಲೇನ?" ಎಂದು ಕೇಳಿದಳು. ಇನ್ನೊಬ್ಬಳು, "ತಾನೇ ಬಂದು ಹೇಳ್ಯಾಳಲ್ಲ, ಸುಮ್ಕಿರು" ಅಂದಳು. ನಾಲ್ಕನೆಯ ಸಲ ಹೇಳುವಾಗ ನನ್ನ ದನಿ ನಡುಗಲಿಲ್ಲ.

ಎಲ್ಲರೂ ಹೋದ ಮೇಲೆ ಅನಸೂಯಾ ಬಾಗಿಲಿನಿಂದ ಈಚೆ ಬಂದಳು.

"ನಿಮಗ ಅವತ್ತೇ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವ."

"ಒಂದೂವರಿ ವರ್ಷ ಆಯ್ತಲ್ರಿ, ಬಾಯಿ. ಇಷ್ಟು ದಿನ ಯಾಕ ಬರಲಿಲ್ಲ?"

"ಹೆದರಿದ್ದೆ."

"ನಾನೂ ಹೆದರಿದ್ದೆ" ಅಂದಳು. "ಖರೇನೇ ಏನರೆ ತಿಂದಿದ್ನೇನೋ, ನೆನಪಿಲ್ಲೇನೋ ಅಂತ. ನನ್ನ ಮ್ಯಾಲ ನನಗೇ ಅನುಮಾನ ಬಂದಿತ್ತು."

ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ ಕಾಶೀಬಾಯಿ ಒಳಗಿನಿಂದ ಕುಂಕುಮದ ಬಟ್ಟಲು ತಂದು, ನನ್ನ ಹಣೆ ನೋಡಿ ತಡೆದಳು, ಸೊಸೆಯ ಕೈಗೆ ಕೊಟ್ಟು, "ಗಂಗೂನ ಮನಿಗೆ ಹೋಗಿ ಹಚ್ಚಿ ಬಾ" ಅಂದಳು. ಅನಸೂಯಾ ಬಟ್ಟಲು ಹಿಡಿದು ನನ್ನ ಮುಂದೆ ಹಾದು ಹೋದಳು, ತಲೆ ಎತ್ತಿಕೊಂಡು, ನನ್ನ ಕಡೆ ನೋಡದೆ.

ಬೀದರಿಗೆ ಬರುವಾಗ ಕತ್ತಲಾಗಿತ್ತು. ತಂಗಿಯ ಮನೆಯಲ್ಲಿ ಉಂಡೆ, ಮಲಗಿದೆ. ಮುಂದಿನದು ನೆನಪಿಲ್ಲ. ಯಾರೋ ಭುಜ ಅಲುಗಾಡಿಸಿದಾಗ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು.

"ಅಕ್ಕಾ, ಎಂಟೂವರಿ ಆಯ್ತು. ಚರ್ಚಿಗೆ ಬರಂಗಿಲ್ಲೇನು?"

ನೌಕರಿಯ ಡ್ಯೂಟಿ ಬಿಟ್ಟರೆ ನಾನು ಭಾನುವಾರದ ಪ್ರಾರ್ಥನೆ ತಪ್ಪಿಸಿದವಳಲ್ಲ. ಅಂದು ತಂಗಿಗೆ ನೀ ಹೋಗು ಎಂದು ಕೈ ಮಾಡಿ, ಮಗ್ಗಲು ಬದಲಿಸಿ ಮತ್ತೆ ಮಲಗಿದೆ.